ಬದುವಿನ ಆಚೆಯ ಆರು ಕಂಬ

ಮಳವಳ್ಳಿ ತಾಲ್ಲೂಕಿನ ಆ ಸೀಮೆಯಲ್ಲಿ ಜಮೀನು ಅಳೆಯಲು ಸರ್ವೆಯರು ಬರುತ್ತಾನೆ ಎಂದರೆ ಜನ ಮೊದಲು ಕೇಳುತ್ತಿದ್ದುದು ಚೈನು ಹಿಡಿಯುವವನು ಯಾರು ಎಂದು. ಕೆಂಪಸಿದ್ದಯ್ಯ ಎಂದು ಗೊತ್ತಾದರೆ ಸಮಾಧಾನವಾಗುತ್ತಿತ್ತು. ಸರ್ವೆಯರು ಹುಣಸೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ನಕ್ಷೆ ಬಿಡಿಸುತ್ತಿದ್ದ. ಮೂವತ್ತಮೂರು ಅಡಿಯ ಕಬ್ಬಿಣದ ಚೈನನ್ನು ಬಿಸಿಲಿನಲ್ಲಿ ಎಳೆದಾಡುತ್ತಿದ್ದವನು ಇವನು. ದಿನಗೂಲಿಯ ಮೇಲೆ ಇಪ್ಪತ್ತೆರಡು ವರ್ಷ ಎಳೆದ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ನಿಂತ ಬದುಗಳ ಮೇಲೂ ಎಳೆದ. ಚೈನು ಸ್ವಲ್ಪ ಜೋಲು ಬಿಟ್ಟು ಒಂದು ಗೇಣು ಆಚೀಚೆ ಮಾಡಿಕೊಡು ಎಂದು ಕೋಳಿ ಹಿಡಿದು ಬಂದವರನ್ನೆಲ್ಲ ಕೋಳಿಯ ಸಮೇತ ವಾಪಸು ಕಳಿಸಿದ. ಚೈನು ಇಲ್ಲದಾಗ ಹೆಜ್ಜೆಯಲ್ಲೇ ಅಳೆದು ಹೇಳುತ್ತಿದ್ದ. ಆಮೇಲೆ ಟೇಪು ಹಿಡಿದು ನೋಡಿದವರು ತಲೆದೂಗುತ್ತಿದ್ದರು. ಆ ಮನುಷ್ಯ ಜೀವಮಾನದಲ್ಲಿ ಸಂಪಾದಿಸಿದ್ದು ಅದೊಂದನ್ನೇ: ಕೆಂಪಸಿದ್ದಯ್ಯನ ಅಳತೆ ತಪ್ಪುವುದಿಲ್ಲ ಎಂಬ ಮಾತನ್ನು.

ಊರಿನ ದೊಡ್ಡ ಜಮೀನ್ದಾರ ಬೋರಯ್ಯನ ಮನೆ ಪಾಲಾದಾಗಲೂ ಚೈನು ಹಿಡಿದವನು ಅವನೇ. "ಕೆಂಪಸಿದ್ದ ಇಡ್ದ ಚೈನ್‌ಗೆ ಎಲ್ಡ್ ಮಾತಿಲ್ಲ" ಎಂದು ಬೋರಯ್ಯ ನಾಲ್ಕು ಜನರ ಎದುರು ಹೇಳಿದ್ದ. ಆದರೆ ಹದಿನಾರು ಎಕರೆಯಲ್ಲಿ ಒಂದು ತುಂಡು ಅಳೆಯುವಾಗ ಮಾತ್ರ ಚೈನು ಬೋರಯ್ಯನ ಮಗನ ಕೈಗೆ ಹೋಯಿತು. ಅದು ಊರದೇವತೆ ಪಟ್ಟಲದಮ್ಮನ ಹೊಲ. ಅಮ್ಮನ ಎಡೆಗೆ ಬೇಕಾದ ರಾಗಿ ಬೆಳೆಯುತ್ತಿದ್ದುದು ಅಲ್ಲಿ. ಕೆಂಪಸಿದ್ದಯ್ಯನ ಕೇರಿಯವರು ಅದರೊಳಗೆ ಕಾಲಿಡುವ ಹಾಗಿರಲಿಲ್ಲ. ಅವನು ಬದುವಿನ ಹೊರಗೆ ನಿಂತು, "ಬಿಗೀಗ್ ಇಡೀರಿ ಬುದ್ಧಿ, ಜೋಲ್ ಬಿದ್ದದೆ" ಎಂದು ಕೂಗಿ ಹೇಳುತ್ತ ಅಳತೆ ಮುಗಿಸಿದ.

ಮಗಳು ಶೋಭಿತಾ ಹುಟ್ಟಿದ ವರ್ಷವೇ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದವನಿಗೆ ಆ ಅಮ್ಮನ ಹತ್ತಿರ ಬೇಡಿಕೊಳ್ಳುವುದು ಏನೂ ಇರಲಿಲ್ಲ. ಆದರೂ ಅವತ್ತು ಅವಮಾನವಾಯಿತು. ನುಂಗಿಕೊಂಡ. ನುಂಗಿಕೊಳ್ಳುವುದು ಅವನಿಗೆ ಹೊಸದೇನೂ ಆಗಿರಲಿಲ್ಲ.

ಆಮೇಲೆ ಸರ್ವೆಗೆ ಯಂತ್ರ ಬಂತು. ಚೈನು ಕಚೇರಿಯ ಮೂಲೆ ಸೇರಿತು, ಹಿಡಿದವನು ಮನೆ ಸೇರಿದ. 2016ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಮುತ್ತತ್ತಿಯ ಕಾಡಿಗೆ ಹೋಗುವ ದಾರಿಯ ಆ ಬಯಲನ್ನು ಹುಡುಕಿಕೊಂಡು ಬಂದರು. ಮೊಬೈಲು ಸರಿಯಾಗಿ ಸಿಗದ, ಫ್ಯಾಕ್ಟರಿ ಇಲ್ಲದ ಜಾಗ ಅದು. ಅಲ್ಲಿ ರೇಡಿಯೊ ಗದ್ದಲ ಕಡಿಮೆ. ಇಪ್ಪತ್ತನಾಲ್ಕು ಕಂಬ, ಕಂಬಕ್ಕೊಂದು ತಂತಿಯ ತ್ರಿಕೋನ, ಬುಡದಲ್ಲಿ ಮುಚ್ಚಳವಿರುವ ತಗಡಿನ ಪೆಟ್ಟಿಗೆ: ಇಷ್ಟೇ ಅವರ ರೇಡಿಯೊ ದೂರದರ್ಶಕ. ಊರಿನವರಿಗೆ ಅದು ಬಟ್ಟೆ ಒಣಹಾಕುವ ಸಾಲಿನ ಹಾಗೆ ಕಂಡಿತು. ಅಳತೆ ಬಲ್ಲವನೊಬ್ಬ ಬೇಕು ಎಂದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು. ಕೆಂಪಸಿದ್ದಯ್ಯ ಗುತ್ತಿಗೆಯ ಮೇಲೆ ಸಹಾಯಕನಾಗಿ ಸೇರಿದ.

ಯಾವ ಕಂಬ ಎಲ್ಲಿ ಬರಬೇಕು ಎಂದು ಬೆಂಗಳೂರಿನ ಹುಡುಗರು ಮೊದಲೇ ಯಂತ್ರ ಇಟ್ಟು ಅಳೆದು ಗೂಟ ಹೊಡೆದು ಹೋಗಿದ್ದರು. ಹದಿನೆಂಟು ಗೂಟ ಗೋಮಾಳದಲ್ಲಿದ್ದವು. ದಕ್ಷಿಣದ ಸಾಲಿನ ಆರು ಪಟ್ಟಲದಮ್ಮನ ಹೊಲದೊಳಗೆ, ಬದುವಿನ ಪಕ್ಕದಲ್ಲೇ ಬಿದ್ದಿದ್ದವು. ಆ ಹುಡುಗರು ಬೂಟುಗಾಲಿನಲ್ಲಿ ಹೊಲವೆಲ್ಲ ತುಳಿದಾಡಿದ್ದರು. ಅವರ ಜಾತಿ ಯಾರು ಕೇಳಿದರು? ಕೆಂಪಸಿದ್ದಯ್ಯ ಹಾರೆ ಹಿಡಿದು ಬದು ಹತ್ತಿದಾಗ ಮಾತ್ರ ಬೋರಯ್ಯ ಅಡ್ಡ ಬಂದ.

"ಲೇ ಕೆಂಪಸಿದ್ದ, ಎಲ್ಗ್ಲಾ?"

"ಗೂಟದ್ ತಾವ್ಕೆ ಬುದ್ಧಿ. ಗುಂಡಿ ತೆಗೀಬೇಕು."

"ಕಂಬ ಬೇಕಾರೆ ಬರ್ಲಿ. ಬಾಡ್ಗೆ ಕೊಡ್ತಾವ್ರೆ, ನಾನ್ ಬ್ಯಾಡ ಅನ್ನಾಕಿಲ್ಲ. ನೀನ್ ಬರ್‌ಬ್ಯಾಡ. ಅಮ್ಮನ ವಲ ಅಂತ ಗೊತ್ತಿಲ್ವಾ? ವಯಸ್ಸಾದೋನ್ಗೆ ನಾನ್ ಏಳ್ಕೊಡ್ಬೇಕಾ?"

ಅಲ್ಲೇ ನಿಂತಿದ್ದ ಎಂಜಿನಿಯರ್ ಪುಟ್ಟರಾಜುವಿನ ಮುಖವನ್ನು ಕೆಂಪಸಿದ್ದಯ್ಯ ನೋಡಿದ. ಸಂಸ್ಥೆಯ ಪರವಾಗಿ ಆ ಕೆಲಸ ನಡೆಸುತ್ತಿದ್ದ ಪುಟ್ಟರಾಜು ಮದ್ದೂರಿನ ಕಡೆಯವನು. ಊರಿನ ರೀತಿ ಬಲ್ಲವನು, ಆದ್ದರಿಂದಲೇ ಬೆವರು ಒರೆಸಿಕೊಳ್ಳುತ್ತ ಬೇರೆ ಕಡೆ ತಿರುಗಿದ. ಉದ್ಘಾಟನೆಗೆ ಐದೇ ದಿನ ಉಳಿದಿತ್ತು.

"ಗಲಾಟೆ ಬ್ಯಾಡ ಕಣಯ್ಯ," ಎಂದ. "ಬದುವಿನೀಚೆ ಗೋಮಾಳದಲ್ಲೇ ನೆಡು. ಹತ್ತಡಿ ಈ ಕಡೆ ಆದ್ರೆ ಆಕಾಶ ಏನ್ ಓಡೋಯ್ತದಾ?"

"ಗೂಟ ಒಂದ್ ಕಡೆ ಕಂಬ ಒಂದ್ ಕಡೆ ಆದ್ರೆ ಅಳತೆ ಸುಳ್ಳಾಯ್ತದೆ ಸಾರ್. ಎಷ್ಟ್ ದೂರ ಅಂತ ಫಾರಂನಾಗೆ ಬರೀಲಾ?"

"ಅದಕ್ಕೆ ಕಾಲಂ ಇಲ್ಲ ಕಣಯ್ಯ. ಗೂಟದ ನಂಬರಿನ ಮುಂದೆ ಟಿಕ್ ಹಾಕು, ಸಾಕು."

ಕೆಂಪಸಿದ್ದಯ್ಯ ಟಿಕ್ ಹಾಕಿದ. ಬದು ಡೊಂಕಾಗಿದ್ದುದರಿಂದ ಆರು ಕಂಬ ಗೂಟಗಳಿಂದ ಒಂದೊಂದು ಒಂದೊಂದು ದೂರಕ್ಕೆ ಬಂದವು, ಒಂಬತ್ತು ಅಡಿಯಿಂದ ಹದಿನೇಳು ಅಡಿಯವರೆಗೆ. ಕಾಲಂ ಇಲ್ಲ ಎಂದ ಮಾತ್ರಕ್ಕೆ ಅಳತೆ ಇಲ್ಲವಾಗುತ್ತದೆಯೇ? ಟೇಪಿನ ತುದಿಗೆ ಒಂದು ಕಲ್ಲು ಕಟ್ಟಿ, ಕಂಬದ ಹತ್ತಿರ ನಿಂತು ಬದುವಿನ ಮೇಲಿಂದ ಗೂಟದ ಬುಡಕ್ಕೆ ಎಸೆದು, ಜೋಲಿಲ್ಲದಂತೆ ಬಿಗಿದು ಎರಡೆರಡು ಸಲ ಅಳೆದ. ಅವನ ಕಾಲು ಬದುವಿನ ಹೊರಗೇ ಇತ್ತು. ಪೆಟ್ಟಿಗೆಗಳ ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಲ್ಲಿ ಬರೆದ: "ಗೂಟದಿಂದ ಬಡಗಕ್ಕೆ 13 ಅಡಿ 4 ಅಂಗುಲ." ಆರು ಮುಚ್ಚಳಕ್ಕೆ ಆರು ಅಳತೆ. ಮುಂಗಾರಿನಲ್ಲಿ ಹೊಲ ಉತ್ತಾಗ ಗೂಟಗಳು ಕಿತ್ತುಹೋದವು. ನಿಜ ಉಳಿದದ್ದು ಆ ಮುಚ್ಚಳಗಳ ಕೆಳಗೆ ಮಾತ್ರ.

ಎರಡು ವರ್ಷ ಕಳೆದ ಮೇಲೆ ಅಲ್ಲಿಗೆ ಸಂಶೋಧನೆಗೆ ಬಂದವನು ಸ್ವರೂಪ್, ಬೋರಯ್ಯನ ಮೊಮ್ಮಗ. ಭೌತಶಾಸ್ತ್ರ ಓದಿದ್ದ, ಬುದ್ಧಿವಂತ, ನಗುಮುಖದವನು. ಕೆಂಪಸಿದ್ದಯ್ಯನನ್ನು 'ಕೆಂಪಣ್ಣ' ಎನ್ನುತ್ತಿದ್ದ. ಅಣ್ಣ ಎಂದರೂ ಏಕವಚನ ಬಿಟ್ಟಿರಲಿಲ್ಲ. ಸ್ಟೇಷನ್ನಿನ ಶೀಟಿನ ಕೋಣೆಯಲ್ಲಿ ಕೆಂಪಸಿದ್ದಯ್ಯ ಕಾಯಿಸಿದ ಟೀಯನ್ನು ಲೋಟದ ಮೇಲೆ ಲೋಟ ಕುಡಿಯುತ್ತಿದ್ದ. ಅದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕಂಬಗಳು ಏನು ಮಾಡುತ್ತವೆ ಎಂದು ಬಿಡಿಸಿ ಹೇಳಿದವನು ಅವನೇ. ಎಲ್ಲೋ ನಕ್ಷತ್ರಗಳ ಆಚೆಯಿಂದ ಪರಮಾಣುವಿನ ತಿರುಳುಗಳು ಹೇಳತೀರದ ವೇಗದಲ್ಲಿ ಬಂದು ನಮ್ಮ ಗಾಳಿಗೆ ಹೊಡೆದು ಒಡೆಯುತ್ತವೆ. ಒಡೆದ ಚೂರು ಮತ್ತೆ ಒಡೆದು ಕೋಟಿ ಚೂರುಗಳ ಜಡಿಮಳೆಯಾಗುತ್ತದೆ. ಆಗ ಕಣ್ಣು ಮಿಟುಕಿಸುವುದರ ಎಷ್ಟೋ ಕೋಟಿಯ ಒಂದು ಪಾಲಿನಷ್ಟು ಹೊತ್ತು ಒಂದು ರೇಡಿಯೊ ಸಿಡಿತ ಏಳುತ್ತದೆ. ಅದು ಯಾವ ಕಂಬಕ್ಕೆ ಯಾವಾಗ ಮುಟ್ಟಿತು ಎಂದು ನೋಡಿ ಮಳೆ ಎಷ್ಟು ಎತ್ತರದಲ್ಲಿ ದಟ್ಟವಾಯಿತು ಎಂದು ಲೆಕ್ಕ ಹಾಕಬಹುದು. ಎತ್ತರ ಗೊತ್ತಾದರೆ ಬಂದದ್ದು ಕಬ್ಬಿಣದಂಥ ಭಾರದ ತಿರುಳೋ, ಜಲಜನಕದಂಥ ಹಗುರದ್ದೋ ಗೊತ್ತಾಗುತ್ತದೆ. ಕಬ್ಬಿಣದ್ದು ಐವತ್ತಾರು ಕಣಗಳ ಕಂತೆ, ಮೇಲೆಯೇ ಒಡೆಯುತ್ತದೆ.

"ಅಂಗಾರೆ ಕಬ್ಬುಣದ್ದು ಮಣ್ಣೆಂಟೆ ಇದ್ದಂಗೆ," ಎಂದಿದ್ದ ಕೆಂಪಸಿದ್ದಯ್ಯ. "ಎಂಟೆ ಎಸುದ್ರೆ ಬೇಗ ಉದುರೋಯ್ತದೆ. ಬೆಣಚ್ ಕಲ್ಲು ಕೆಳೀಕ್ ಗಂಟ ಬತ್ತದೆ."

ಸ್ವರೂಪ್ ಕುಣಿದಾಡಿಬಿಟ್ಟ. ಆ ಹೋಲಿಕೆಯನ್ನು ಮುಂದೆ ಮಂಡ್ಯದ ಕಾಲೇಜುಗಳಲ್ಲಿ ಭಾಷಣ ಮಾಡುವಾಗಲೆಲ್ಲ ಹೇಳಿದ. ಯಾರು ಕೊಟ್ಟದ್ದು ಎಂದು ಮಾತ್ರ ಹೇಳಲಿಲ್ಲ. ಇರಲಿ, ಹೆಂಟೆ ಯಾರಪ್ಪನ ಸ್ವತ್ತೂ ಅಲ್ಲವಲ್ಲ.

ಅದೇ ದಿನ ಇನ್ನೊಂದು ಮಾತು ನಡೆಯಿತು. ಆ ಸಿಡಿತ ಬೆಳಕಿನ ವೇಗದಲ್ಲಿ ಬರುತ್ತದೆ, ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಅದು ಓಡುವುದು ಒಂದೇ ಅಡಿ, ಆದ್ದರಿಂದ ಕಂಬದ ಜಾಗ ಅಡಿ ತಪ್ಪಿದರೂ ಲೆಕ್ಕ ಕೆಡುತ್ತದೆ ಎಂದ ಸ್ವರೂಪ್. ಕೆಂಪಸಿದ್ದಯ್ಯ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ತೆಂಕ್ಲಾಗಿನ ಆರು ಕಂಬ ಗೂಟದ್ ಮ್ಯಾಲಿಲ್ಲ ಸ್ವರೂಪಪ್ಪ. ಮುಚ್ಚಳದಾಗೆ ಬರ್ದಿವ್ನಿ. ಸೇರ್ಸ್ಕಂಡಿದ್ದೀರಿ ತಾನೆ?"

"ಎಲ್ಲಾ ಕಂಪ್ಯೂಟರ್‌ನಲ್ಲಿ ಐತೆ ಬುಡು ಕೆಂಪಣ್ಣ," ಎಂದ ಸ್ವರೂಪ್, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ.

ಕೆಂಪಸಿದ್ದಯ್ಯ ನೆಮ್ಮದಿಯಾಗಿ ಲೋಟ ತೊಳೆಯಲು ಹೋದ. ಅವನು ಮಾಡಿದ ತಪ್ಪು ಎಂದರೆ ಅದು: ಓದಿದವರು ಓದುತ್ತಾರೆ ಎಂದು ನಂಬಿದ್ದು.

2022ರಲ್ಲಿ ಸ್ವರೂಪನ ಪ್ರಬಂಧ ಹೊರಗೆ ಬಂತು. ಅತಿ ಹೆಚ್ಚಿನ ಶಕ್ತಿಯ ಆ ಕಣಗಳಲ್ಲಿ ಬಹುಪಾಲು ಕಬ್ಬಿಣದಂಥ ಭಾರದ ತಿರುಳುಗಳು ಎಂದು ಅದು ಹೇಳಿತು. ಪತ್ರಿಕೆಯಲ್ಲಿ ಅವನ ಫೋಟೊ ಬಂತು. ಬೋರಯ್ಯ ಅದನ್ನು ಕತ್ತರಿಸಿ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಕೆಂಪಸಿದ್ದಯ್ಯನಿಗೂ ಸಂತೋಷವಾಯಿತು ಎಂದರೆ ಸುಳ್ಳಲ್ಲ. ಅಷ್ಟು ದೂರದಿಂದ ಬಂದದ್ದನ್ನು ಅಳೆದ ಕಂಬಗಳನ್ನು ನೆಟ್ಟವನು ತಾನು ಎಂದು ಹೆಂಡತಿ ಮಂಚಮ್ಮನ ಹತ್ತಿರ ಎರಡು ದಿನ ಹೇಳಿದ್ದೇ ಹೇಳಿದ್ದು.

ಆದರೆ ಬೇರೆ ದೇಶದವರ ಲೆಕ್ಕಕ್ಕೂ ಇದಕ್ಕೂ ತಾಳೆಯಾಗಲಿಲ್ಲ. ಅಲ್ಲಿಂದ ಪ್ರಶ್ನೆಗಳು ಬಂದವು. 2024ರ ಬೇಸಿಗೆಯಲ್ಲಿ ಸಂಸ್ಥೆಯವರು ಒಂದು ಡ್ರೋನಿಗೆ ಪುಟ್ಟ ರೇಡಿಯೊ ಕಟ್ಟಿ ಕಂಬಗಳ ಮೇಲೆ ಹಾರಿಸಿದರು. ಡ್ರೋನು ಎಲ್ಲಿದೆ ಎಂದು ಗೊತ್ತಿದ್ದರೆ, ಕಂಬಕ್ಕೆ ಅದರ ರೇಡಿಯೊ ಅಲೆ ಮುಟ್ಟಿದ ಹೊತ್ತಿನಿಂದ ಕಂಬ ಎಲ್ಲಿದೆ ಎಂದು ತಿಳಿಯುತ್ತದೆ. ಹದಿನೆಂಟು ಕಂಬ ಇರಬೇಕಾದ ಕಡೆಯೇ ಇದ್ದವು. ದಕ್ಷಿಣದ ಆರು ಇರಲಿಲ್ಲ.

ಸ್ವರೂಪ್ ಓಡಿಬಂದು ಮುಚ್ಚಳ ತೆಗೆದ. ಎಂಟು ವರ್ಷದ ಬಣ್ಣ ಮಾಸಿರಲಿಲ್ಲ. ಡ್ರೋನಿನ ಅಂಕಿಯನ್ನೂ ಮುಚ್ಚಳದ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಆರರಲ್ಲಿ ಯಾವುದೂ ಎರಡು ಅಂಗುಲಕ್ಕಿಂತ ಹೆಚ್ಚು ಬೇರೆಯಾಗಿರಲಿಲ್ಲ.

"ನೂರ್ ಸಲ ತೆಗ್ದಿವ್ನಿ ಈ ಮುಚ್ಚಳನ," ಎಂದ, ಬದುವಿನ ಮೇಲೆ ಕುಸಿದು ಕೂತು. "ಅಂಕಿ ನೋಡಿ ಕೇಬಲ್ ಉದ್ದ ಅಂದ್ಕಂಡಿದ್ದೆ ಕೆಂಪಣ್ಣ, ಅಕ್ಷರ ಓದ್ಲೇ ಇಲ್ಲ. ಯಾಕೆ ಗೂಟದ ಮೇಲೆ ನೆಡ್ಲಿಲ್ಲ ನೀನು?"

ಕೆಂಪಸಿದ್ದಯ್ಯ ಹೊಲದ ಕಡೆ ಕೈ ತೋರಿಸಿದ. ಹೊಲ ನೋಡಿದ ಹುಡುಗನಿಗೆ ಅರ್ಥವಾಯಿತು. ಅದೇ ಊರಿನಲ್ಲಿ ಹುಟ್ಟಿ ಬೆಳೆದವನಲ್ಲವೇ, ಬಿಡಿಸಿ ಹೇಳಬೇಕಾಗಿರಲಿಲ್ಲ. ಎದ್ದು ಮುಚ್ಚಳ ಮುಚ್ಚಿ ಹೇಳಿದ: "ನಾಳಿದ್ದು ಬೆಂಗಳೂರಿಂದ ವಿಚಾರಣೆಗೆ ಬತ್ತಾವ್ರೆ. ತಾತನ್ ಹೆಸ್ರು ಎತ್ಬ್ಯಾಡ. ಎಂಬತ್ತೇಳ್ ವರ್ಷ ಅವರಿಗೆ. ಅಳತೆ ತಪ್ಪಾಯ್ತು ಅಂದ್ಬುಡು, ಅಲ್ಗೇ ಮುಗೀತದೆ. ನಿನ್ ಕೆಲ್ಸಕ್ಕೆ ಏನೂ ಆಗ್ದಂಗೆ ನಾನ್ ನೋಡ್ಕತೀನಿ."

ಮನೆಯಲ್ಲಿ ಮಂಚಮ್ಮನೂ ಅದನ್ನೇ ಹೇಳಿದಳು. "ತಪ್ಪಾಯ್ತು ಅಂತ ಒಂದ್ ಮಾತ್ ಅಂದ್ರೆ ನಿನ್ ನಾಲ್ಗೆ ಬಿದ್ದೋದದಾ? ಈ ವಯಸ್ನಾಗೆ ಬ್ಯಾರೆ ಕೆಲ್ಸ ಯಾರ್ ಕೊಡ್ತಾರೆ?"

"ಇನ್ನೇನ್ ಬೇಕಾರೂ ತಪ್ಪಾಯ್ತು ಅಂತೀನಿ ಕಣಮ್ಮಿ," ಎಂದ ಕೆಂಪಸಿದ್ದಯ್ಯ. "ಅಳತೆ ತಪ್ಪಾಯ್ತು ಅನ್ನಾಕಿಲ್ಲ."

ವಿಚಾರಣೆ ನಡೆದದ್ದು ಅದೇ ಶೀಟಿನ ಕೋಣೆಯಲ್ಲಿ. ನಡುವೆ ಬೆಂಗಳೂರಿನಿಂದ ಬಂದ ಹಿರಿಯ ಮೇಡಂ, ಅವರಿಗೆ ಕನ್ನಡ ಬಾರದು. ಅವರ ಬಲಗಡೆ ಪುಟ್ಟರಾಜು. ಎಂಟು ವರ್ಷದಲ್ಲಿ ಎರಡು ಬಡ್ತಿ ಪಡೆದು ಹೊಟ್ಟೆ ಬೆಳೆಸಿಕೊಂಡಿದ್ದ ಅವನು ಪರಿಚಯವೇ ಇಲ್ಲದವನಂತೆ ಫೋನು ನೋಡುತ್ತಿದ್ದ. ಕನ್ನಡವನ್ನು ಇಂಗ್ಲಿಷಿಗೆ ಹೇಳಲು ಸ್ವರೂಪ್ ಕೂತಿದ್ದ. ಅವನಲ್ಲದೆ ಬೇರೆ ಯಾರೂ ಸಿಗಲಿಲ್ಲವಂತೆ.

ಕೆಂಪಸಿದ್ದಯ್ಯ ಒಗೆದ ಬಿಳಿ ಅಂಗಿ ತೊಟ್ಟು ಬಂದಿದ್ದ. ನಿಂತುಕೊಂಡೇ ಹೇಳಿದ. ಗೂಟಗಳು ಎಲ್ಲಿದ್ದವು, ಯಾರ ಹೊಲ, ಬೋರಯ್ಯ ಏನಂದ, ಪುಟ್ಟರಾಜು ಏನಂದ, ಕಾಲಂ ಇಲ್ಲ ಎಂದದ್ದು, ಟೇಪಿಗೆ ಕಲ್ಲು ಕಟ್ಟಿ ಅಳೆದದ್ದು, ಮುಚ್ಚಳದಲ್ಲಿ ಬರೆದದ್ದು, ಆಮೇಲೆ ಬಾಯಿಬಿಟ್ಟು ಹೇಳಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದ. "ನನ್ ಅಳತೆ ತಪ್ಪಿಲ್ಲ ತಾಯಿ. ನನ್ನ ಒಳೀಕ್ ಬುಡ್ನಿಲ್ಲ, ಅಷ್ಟೇಯ," ಎಂದು ಮುಗಿಸಿದ.

ಸ್ವರೂಪ್ ಮೇಡಂ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ. ಕೆಂಪಸಿದ್ದಯ್ಯನಿಗೆ ಇಂಗ್ಲಿಷು ಬರುವುದಿಲ್ಲ, ಆದರೆ ಉದ್ದ ಎಂದರೇನು ಎಂದು ಗೊತ್ತು. ತಾನು ಹೇಳಿದ್ದು ಒಂದು ಚೈನಿನಷ್ಟು ಇದ್ದರೆ ಆ ಹುಡುಗನ ಬಾಯಿಂದ ಬಂದದ್ದು ಒಂದು ಗೇಣೂ ಇರಲಿಲ್ಲ. ಅದರಲ್ಲಿ ಬೋರಯ್ಯನ ಹೆಸರಿರಲಿಲ್ಲ, ಪುಟ್ಟರಾಜುವಿನ ಹೆಸರೂ ಇರಲಿಲ್ಲ. ಹೆಸರುಗಳು ಯಾವ ಭಾಷೆಯಲ್ಲಾದರೂ ಹೆಸರುಗಳೇ ತಾನೆ? ಪುಟ್ಟರಾಜು ಫೋನಿನಿಂದ ತಲೆಯೆತ್ತಿ ಒಂದು ಸಲ ಸ್ವರೂಪನನ್ನು ನೋಡಿ ಮತ್ತೆ ತಲೆ ತಗ್ಗಿಸಿದ.

ಮೇಡಂ ಒಳ್ಳೆಯವರು. ಕರುಣೆಯಿಂದ ನಕ್ಕು ಏನೋ ಹೇಳಿದರು.

"ಪರ್ವಾಗಿಲ್ಲ, ಯಾರಿಗಾದ್ರೂ ಆಯ್ತದೆ ಅಂತಾವ್ರೆ," ಎಂದ ಸ್ವರೂಪ್, ನೆಲ ನೋಡುತ್ತ.

ಯಾರಿಗಾದರೂ ಆಗುತ್ತದೆಯೇ? ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಅದು ಆಗುವುದು ಒಬ್ಬನಿಗೆ ಮಾತ್ರ. ಕೆಂಪಸಿದ್ದಯ್ಯನಿಗೆ ಕೂಗಬೇಕೆನ್ನಿಸಿತು. ಯಾವ ಭಾಷೆಯಲ್ಲಿ ಕೂಗುವುದು? ಆರು ವರ್ಷ ತಾನು ಕಾಯಿಸಿದ ಟೀ ಕುಡಿದ ಹುಡುಗ ಮೂರು ಅಡಿ ದೂರದಲ್ಲಿ ಕೂತು ತನ್ನ ಬಾಯನ್ನು ಮುಚ್ಚಿದ್ದ. ಬೋರಯ್ಯ ಆದರೂ ಎದುರಿಗೆ ಬಂದು ಬೇಡ ಎಂದಿದ್ದ.

ಕೆಲಸ ಹೋಗಲಿಲ್ಲ. ಸ್ವರೂಪ್ ಆ ಮಾತು ಉಳಿಸಿಕೊಂಡ. ಕಂಬಗಳ ಸರಿಯಾದ ಜಾಗ ಇಟ್ಟು ಹಳೆಯ ಲೆಕ್ಕವನ್ನೆಲ್ಲ ಮತ್ತೆ ಮಾಡಿದಾಗ ಕಬ್ಬಿಣ ಕಡಿಮೆಯಾಯಿತು, ಹಗುರದ ತಿರುಳುಗಳು ಹೆಚ್ಚಾದವು, ಹೊರದೇಶದವರ ಅಂಕಿಗೆ ಹತ್ತಿರ ಬಂತು. ಆ ತಿದ್ದುಪಡಿಯೇ ಇನ್ನೊಂದು ಪ್ರಬಂಧವಾಯಿತು. ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶೋಭಿತಾ ಒಂದು ಭಾನುವಾರ ಅದನ್ನು ಫೋನಿನಲ್ಲಿ ತೆಗೆದು, ಓದುತ್ತ ಓದುತ್ತ ಅಪ್ಪನಿಗೆ ಕನ್ನಡದಲ್ಲಿ ಹೇಳಿದಳು.

"'ಸ್ಥಳೀಯ ಸಿಬ್ಬಂದಿಯಿಂದ ಆದ ಮಾನವ ದೋಷದ ಕಾರಣ ಆರು ಕಂಬಗಳ ಸ್ಥಾನ ತಪ್ಪಾಗಿ ದಾಖಲಾಗಿತ್ತು. ಡ್ರೋನಿನ ನೆರವಿನಿಂದ ಅದನ್ನು ಪತ್ತೆಹಚ್ಚಿ ಸರಿಪಡಿಸಲಾಗಿದೆ.' ಇಷ್ಟೇ ಅಪ್ಪ."

"ಮುಚ್ಚಳದ್ದು?"

"ಇಲ್ಲ."

"ವಲದ್ದು?"

"ಇಲ್ಲಪ್ಪ." ಅವಳ ಕಣ್ಣು ಕೆಂಪಾಗಿತ್ತು. "ಕಂಪ್ಲೇಂಟ್ ಕೊಡಾಣ. ಇದಕ್ಕೆ ಕಾನೂನು ಅದೆ."

"ಸಾಕ್ಷಿ ಯಾರವ್ವ? ಅವತ್ತು ಅಲ್ಲಿ ಇದ್ದೋರು ಇಬ್ರೇಯ. ಒಬ್ಬ ಬ್ಯಾಡ ಅಂದೋನು, ಇನ್ನೊಬ್ಬ ಟಿಕ್ ಆಕು ಅಂದೋನು."

ಶೋಭಿತಾ ಬಿಡುವವಳಲ್ಲ, ಇಂಗ್ಲಿಷಿನಲ್ಲಿ ಸಂಸ್ಥೆಗೆ ಪತ್ರ ಬರೆದಳು. ಉತ್ತರ ಬಂತು. ಕೆಂಪಸಿದ್ದಯ್ಯನವರ ಸೇವೆಯನ್ನು ಸಂಸ್ಥೆ ಗೌರವಿಸುತ್ತದೆ ಎಂದು ಇತ್ತು, ಹೊಲದ ಬಗ್ಗೆ ಏನೂ ಇರಲಿಲ್ಲ.

ಇಷ್ಟಾದರೂ ಅವನ ಮನಸ್ಸಿನಲ್ಲಿ ಒಂದು ಆಸೆ ಉಳಿದಿತ್ತು. ಜಾಗ ತಪ್ಪು ಎಂದು ಈಗ ಎಲ್ಲರೂ ಒಪ್ಪಿದ್ದಾರೆ. ಹಾಗಿದ್ದರೆ ಕಂಬ ಕಿತ್ತು ಸರಿಯಾದ ಜಾಗದಲ್ಲಿ ನೆಡಲೇಬೇಕು. ಸರಿಯಾದ ಜಾಗ ಇರುವುದು ಹೊಲದೊಳಗೆ. ಎಲ್ಲಿ ನೆಡಬೇಕು ಎಂದು ಬಲ್ಲವನು ತಾನೊಬ್ಬನೇ. ಈ ಸಲ ಸಂಸ್ಥೆಯ ಆರ್ಡರು ಕೈಯಲ್ಲಿ ಹಿಡಿದು, ಬೋರಯ್ಯ ನೋಡುತ್ತಿದ್ದಂತೆ, ಬದು ದಾಟಿ, ಕಂಬದಿಂದ ಹದಿಮೂರು ಅಡಿ ನಾಲ್ಕು ಅಂಗುಲ ಒಳಗೆ ಹೋಗಿ ಹಾರೆ ಊರುತ್ತೇನೆ ಎಂದುಕೊಂಡ. ಬರೆಯುವವರು ಏನಾದರೂ ಬರೆದುಕೊಳ್ಳಲಿ. ಕಂಬ ಸರಿಯಾದ ಜಾಗದಲ್ಲಿ ನಿಂತರೆ ಅದೇ ಸಾಕು. ರಾಗಿ ಕುಯ್ಲು ಮುಗಿದು ಹೊಲ ಬರಿದಾದ ಮೇಲೆ ಒಂದು ಬೆಳಿಗ್ಗೆ ಹಾರೆಯನ್ನು ಹೆಗಲಿಗಿಟ್ಟುಕೊಂಡು ಸ್ಟೇಷನ್ನಿಗೆ ಬಂದ.

"ಆರು ಗುಂಡಿ. ಎಲ್ಡ್ ದಿನದಾಗೆ ಮುಗುಸ್ತೀನಿ. ಯಾವತ್ತಿಂದ ಸುರು ಮಾಡಾಣ?"

ಸ್ವರೂಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹಗುರವಾಗಿ ನಕ್ಕ. "ಕಂಬ ಕೀಳಾದ್ ಬ್ಯಾಡ ಕೆಂಪಣ್ಣ. ಎಲ್ಲಿದ್ರೂ ನಡೀತದೆ, ಎಲ್ಲಿದೆ ಅಂತ ಗೊತ್ತಿದ್ರೆ ಆಯ್ತು. ಕಂಪ್ಯೂಟರ್‌ನಲ್ಲಿ ಅಂಕಿ ಬದಲಾಯಿಸಿದ್ದೀವಿ."

"ಅಂದ್ರೆ ಅವು ಅಲ್ಲೇ ಇರ್ತವಾ?"

"ಅಲ್ಲೇ ಇರ್ಲಿ. ಏನ್ ತೊಂದ್ರೆ?"

ಕೆಂಪಸಿದ್ದಯ್ಯ ಹೆಗಲಿನ ಹಾರೆ ಕೆಳಗಿಳಿಸಿದ.

"ನಿಮ್ ತಾತನ್ ವಲದೊಳೀಕೆ ನಾನ್ ಕಾಲಿಡ್ಬಾರ್ದು ಅಂತ ಆಕಾಸದ್ ಲೆಕ್ಕನೇ ತಿದ್ಬುಟ್ರಲ್ಲ ಸ್ವರೂಪಪ್ಪ," ಎಂದ.

ಸ್ವರೂಪ್ ಲ್ಯಾಪ್‌ಟಾಪು ತೆರೆದ.

ಕೆಂಪಸಿದ್ದಯ್ಯ ಹಾರೆ ಎತ್ತಿಕೊಂಡು ಮನೆಯ ಕಡೆ ಹೊರಟ. ಹೊಲವನ್ನು ಅಡ್ಡ ಹಾದರೆ ಅವನ ಕೇರಿ ಹತ್ತಿರ. ಬೆಳೆಯಿಲ್ಲ, ಕಾವಲಿಲ್ಲ, ಬೋರಯ್ಯ ಕುಯ್ಲಿನ ಹೊತ್ತಿಗೆ ಹಾಸಿಗೆ ಹಿಡಿದಿದ್ದ. ತಡೆಯುವವರು ಒಬ್ಬರೂ ಇರಲಿಲ್ಲ. ಅವಮಾನ ಕುದಿಯುತ್ತಿತ್ತು, ಎದುರಿಗೆ ಏನಿದೆ ಎಂದು ನೋಡದೆ ಬಿರಬಿರನೆ ನಡೆದ. ಆರನೆಯ ಕಂಬ ದಾಟಿದ ಮೇಲೆ ಹೆಜ್ಜೆ ತಾನಾಗಿ ನಿಂತಿತು. ತಿರುಗಿ ನೋಡಿದ. ಮಂಜಿನಲ್ಲಿ ತೊಯ್ದ ಹುಲ್ಲಿನ ಮೇಲೆ ಅವನ ಹೆಜ್ಜೆಗಳು ಸಾಲಾಗಿ ಕಾಣುತ್ತಿದ್ದವು. ಬದು ಡೊಂಕಾದ ಕಡೆ ಅವೂ ಡೊಂಕಾಗಿ, ಒಂದು ಅಂಗುಲವೂ ಒಳಗೆ ಹೋಗದೆ, ಅಷ್ಟು ದೂರವೂ ಬದುವಿನ ಹೊರಗೇ ಬಿದ್ದಿದ್ದವು.